ಅವ್ವ ಕಳೆದುಕೊಂಡ ಕ್ರಿಯಾಪದ

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಿಂದ ಬಳೆ ಅಂಗಡಿಯ ಪಕ್ಕದ ಓಣಿಗೆ ತಿರುಗಿದರೆ ಕೊನೆಯಲ್ಲಿ ನಮ್ಮ ಬಾಡಿಗೆ ಮನೆ. ಎರಡೇ ಕೋಣೆ. ಹಿಂದಿನದು ಅಡುಗೆಗೆ, ಮುಂದಿನದು ಉಳಿದ ಎಲ್ಲದಕ್ಕೆ. ಬೆಳಿಗ್ಗೆ ಅದು ಆಯಿ ಕೂತು ಲಿಂಗಪೂಜೆ ಮಾಡಿಕೊಳ್ಳುವ ಜಾಗ, ಮಧ್ಯಾಹ್ನ ಅವಳೇ ಚಾಪೆ ಹಾಸಿ ಅಡ್ಡಾಗುವ ಜಾಗ, ಮಲಗುವ ಹೊತ್ತಿಗೆ ನಾವು ನಾಲ್ವರೂ ಸಾಲಾಗಿ ಹಾಸಿಗೆ ಬಿಡಿಸುವ ಜಾಗ. ಆಯಿ ಅಂದರೆ ಅಪ್ಪನ ತಾಯಿ. ಸಂಜೆ ಶಾಲೆ ಬಿಟ್ಟ ಮೇಲೆ ದೀಪ ಹಚ್ಚುವವರೆಗೆ ಮಾತ್ರ ಆ ಕೋಣೆ ಅವ್ವನದಾಗುತ್ತಿತ್ತು. ಸುತ್ತಲಿನ ಮಕ್ಕಳು ಚಪ್ಪಲಿ ಕಳಚಿ ಒಳಗೆ ಬಂದು ಗೋಡೆಗುಂಟ ಕೂರುತ್ತಿದ್ದರು. ಅವ್ವ ಕೈಗೆ ಮೆತ್ತಿದ ಜೋಳದ ಹಿಟ್ಟು ತೊಳೆದುಕೊಂಡು, ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಅಪ್ಪ ಕರಿ ಬಣ್ಣ ಬಳಿದುಕೊಟ್ಟಿದ್ದ ಗೋಡೆಯ ಮುಂದೆ ನಿಲ್ಲುತ್ತಿದ್ದಳು. ಅಲ್ಲಿಂದ ಒಂದೆರಡು ತಾಸು ಅವಳು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಶಾಂತಾ ಆಂಟಿ, ಇಂಗ್ಲಿಷ್ ಟ್ಯೂಷನ್ನಿನ ಶಾಂತಾ ಆಂಟಿ. ಅವ್ವ ಬದುಕಿದ್ದಷ್ಟು ವಯಸ್ಸನ್ನು ನಾನೀಗ ದಾಟಿದ್ದೇನೆ. ಆದರೂ ಆ ಕೋಣೆ ನೆನಪಾದಾಗಲೆಲ್ಲ ನಾನು ಗೋಡೆಗುಂಟ ಕೂತವಳು, ಅವಳು ನಿಂತವಳು.

ನಾವು ಕಲಬುರಗಿ ಕಡೆಯವರು. ಅಪ್ಪ ಲೇತ್ ಕೆಲಸ ಕಲಿತು ಬೆಂಗಳೂರಿಗೆ ಬಂದು, ವಿಮಾನ ಕಾರ್ಖಾನೆಗೆ ಬೇಕಾದ ಸಣ್ಣ ಸಣ್ಣ ಭಾಗಗಳನ್ನು ಮಾಡಿಕೊಡುವ ಒಂದು ಶೆಡ್ಡಿನಲ್ಲಿ ಸೇರಿಕೊಂಡಿದ್ದರು. ಅವ್ವ ವಾಡಿಯವಳು. ಅಲ್ಲಿ ರೈಲ್ವೆಯವರ ಮಕ್ಕಳು ಹೋಗುವ ಇಂಗ್ಲಿಷ್ ಶಾಲೆಗೆ ಅವಳೂ ಹೋಗಿದ್ದಳು. ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ಮದುವೆಯಾಯಿತು. ತವರಿನಿಂದ ಅವಳು ತಂದದ್ದರಲ್ಲಿ ಹಿತ್ತಾಳೆ ಪಾತ್ರೆಗಳು ಒಂದೊಂದಾಗಿ ಸವೆದವು, ಸೀರೆಗಳು ಕೌದಿಯಾದವು. ಇಂಗ್ಲಿಷ್ ಮಾತ್ರ ಹೊಸದಾಗಿಯೇ ಉಳಿದಿತ್ತು. ಟ್ಯೂಷನ್ನಿಗೆ ಬರುವ ಮಕ್ಕಳಲ್ಲಿ ಒಬ್ಬರ ಮನೆಯಲ್ಲಿ ತಮಿಳು, ಇನ್ನೊಬ್ಬರಲ್ಲಿ ಮಲಯಾಳ, ದರ್ಜಿಯ ಮಗಳು ಶಬಾನಾಳ ಮನೆಯಲ್ಲಿ ದಖನಿ ಉರ್ದು. ಅವರೊಡನೆ ಅವ್ವ ಬೆಂಗಳೂರಿನ ಕನ್ನಡ ಆಡುತ್ತಿದ್ದಳು. ಒಳಗಿನಿಂದ ಆಯಿ ಕೂಗಿದರೆ ತಿರುಗಿ ನಮ್ಮ ಕಡೆಯ ಕನ್ನಡಕ್ಕೆ ಬರುತ್ತಿದ್ದಳು. ಒಂದೇ ಉಸಿರಿನಲ್ಲಿ ಆ ಎರಡೂ ಹೊರಡುವುದನ್ನು ಕೇಳುವುದೇ ನನಗೆ ಒಂದು ಸಂಭ್ರಮ.

ಎಲ್ಲ ಮಕ್ಕಳೂ ಎಡವುತ್ತಿದ್ದದ್ದು ಒಂದೇ ಕಡೆ. ನಾಮಪದ ಒಂದಾದರೆ ಕ್ರಿಯಾಪದಕ್ಕೆ ಎಸ್ ಬೇಕು, ಹಲವಾದರೆ ಬೇಡ. ‘ದ ಬಾಯ್ ರನ್ಸ್’, ‘ದ ಬಾಯ್ಸ್ ರನ್’. ಬಹುವಚನಕ್ಕೆ ಎಸ್ ಹಚ್ಚಬೇಕು ಎಂದು ಶಾಲೆಯಲ್ಲಿ ಕಲಿತು ಬಂದವರಿಗೆ, ಕ್ರಿಯಾಪದದಲ್ಲಿ ಅದು ಏಕವಚನಕ್ಕೆ ಹತ್ತುತ್ತದೆ ಎನ್ನುವುದು ಮೋಸದಂತೆ ಕಾಣುತ್ತಿತ್ತು. ಅವ್ವ ಅದನ್ನು ಹೀಗೆ ಹೇಳುತ್ತಿದ್ದಳು:

“ಎಸ್ ಅನ್ನೋದು ಮನೇಲಿರೋ ಒಂದೇ ಛತ್ರಿ. ನಾಮಪದ ಹಿಡ್ಕೊಂಡು ಹೋದ್ರೆ ಕ್ರಿಯಾಪದಕ್ಕಿಲ್ಲ. ಕ್ರಿಯಾಪದ ಹಿಡ್ಕೊಂಡ್ರೆ ನಾಮಪದ ನೆನೀಬೇಕು.”

ಹಾಗಾದರೆ ಚಿಲ್ಡ್ರನ್ ಎಂದಾಗ ಇಬ್ಬರಿಗೂ ಛತ್ರಿ ಇಲ್ಲವಲ್ಲ ಎಂದು ಶಬಾನಾ ಒಮ್ಮೆ ಕೇಳಿದ್ದಳು. ಅವ್ವ, ಅವರಿಗೆ ಬೇರೆ ರೇನ್‌ಕೋಟ್ ಇದೆ ಎಂದು ಹೇಳಿ, ತಾನೇ ಮೊದಲು ನಕ್ಕಿದ್ದಳು.

ನಾನು ಎಡವಿದ್ದು ಬೇರೆ ಕಡೆ. ನನ್ನ ಮನೆ ಎಂಬ ವಿಷಯದ ಮೇಲೆ ಬರೆಯುವಾಗ, ‘ಮೈ ಮದರ್ ಕುಕ್ಸ್’ ಎಂದು ಸರಿಯಾಗಿ ಬರೆದವಳು ಅದರ ಕೆಳಗೇ ‘ಮೈ ಫಾದರ್ ಗೋ’ ಎಂದು ಬರೆದಿದ್ದೆ. ಎಷ್ಟು ಸಲ ತಿದ್ದಿಸಿದರೂ ಹಾಗೆಯೇ ಬರೆಯುತ್ತಿದ್ದೆ. ಯಾಕೆ ಎಂದು ಅವ್ವ ಕೇಳಿದಾಗ ನಾನು ಕೊಟ್ಟ ಕಾರಣ ನನಗೆ ಆಗ ಬಹಳ ಸರಳವಾಗಿ ತೋರಿತ್ತು. ಮನೆಯಲ್ಲಿ ಅವ್ವ ಬರುತ್ತಾಳೆ, ಆಯಿ ಬರುತ್ತಾಳೆ, ಅಪ್ಪ ಬರುತ್ತಾರೆ. ಅಪ್ಪ ಬಹುವಚನ. ಬಹುವಚನಕ್ಕೆ ಎಸ್ ಹಚ್ಚಬಾರದು. ಅವ್ವ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. ಇಂಗ್ಲಿಷಿನಲ್ಲಿ ಮರ್ಯಾದೆಗೆಂದು ಬಹುವಚನ ಇಲ್ಲ, ಅಲ್ಲಿ ಅಪ್ಪನೂ ಒಬ್ಬ, ಬೀದಿ ನಾಯಿಯೂ ಒಂದು ಎಂದಳು. ಒಳಗಿದ್ದ ಆಯಿಗೆ ಅಪ್ಪ ಮತ್ತು ನಾಯಿ ಎರಡೇ ಶಬ್ದ ಕೇಳಿಸಿದವು. ಆ ದಿನ ಊಟಕ್ಕೆ ಕೂತಾಗ ಆಯಿ ಅವ್ವನ ಕಡೆ ತಿರುಗಿಯೂ ನೋಡಲಿಲ್ಲ. ಕೊನೆಗೆ ಅಪ್ಪನೇ ವಿಷಯ ತಿಳಿದುಕೊಂಡು, ಇಂಗ್ಲಿಷಿನವರ ನ್ಯಾಯವೇ ಒಳ್ಳೆಯದು, ಮರ್ಯಾದೆಗೆಂದು ಒಬ್ಬನಿಗೆ ಎರಡು ರೊಟ್ಟಿ ಹೆಚ್ಚು ಬೀಳುವುದಿಲ್ಲ ಎಂದು ತಟ್ಟೆಯಿಂದ ತಲೆ ಎತ್ತದೆ ಹೇಳಿದರು. ಅವ್ವ ಅಡುಗೆ ಕೋಣೆಗೆ ಎದ್ದು ಹೋಗಿ ನಕ್ಕಳು.

ಆದರೆ ನಗುವಿನಲ್ಲಿ ಮುಗಿಯದ ಜಗಳಗಳೇ ಹೆಚ್ಚು. ಆಯಿಗೆ ಈ ಟ್ಯೂಷನ್ ಎಂದರೆ ಆಗುತ್ತಿರಲಿಲ್ಲ. ಮೊಣಕಾಲು ನೋಯುವ ತಾನು ಸಂಜೆಯೆಲ್ಲ ಒಲೆಯ ಮುಂದೆ ಮುದುರಿಕೊಂಡು ಕೂರಬೇಕು, ತನ್ನ ಮಗ ದುಡಿದು ಬಂದರೆ ಕಾಲು ಚಾಚಲು ಜಾಗವಿಲ್ಲ, ಮನೆ ಮನೆಯಾಗಿಲ್ಲ ಎಂದು ದಿನವೂ ಹೇಳುತ್ತಿದ್ದಳು. ಅವ್ವ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಎದ್ದರೆ, ಆಯಿ ಉಳಿದ ಹಿಟ್ಟನ್ನು ಬೇಕೆಂದೇ ಜೋರಾಗಿ ಬಡಿಯುತ್ತಿದ್ದಳು. ಮುಂದಿನ ಕೋಣೆಯಲ್ಲಿ ಮಕ್ಕಳು ‘ಹೀ ಗೋಸ್, ಶೀ ಗೋಸ್, ದೇ ಗೋ’ ಎಂದು ರಾಗವಾಗಿ ಹೇಳುತ್ತಿದ್ದರೆ ಹಿಂದಿನಿಂದ ಆ ಬಡಿತ ತಾಳದಂತೆ ಬರುತ್ತಿತ್ತು. ಅಪ್ಪ ಯಾರ ಪರವೂ ಮಾತಾಡುತ್ತಿರಲಿಲ್ಲ. ಕೆಲಸದಿಂದ ಬಂದು, ಬಾಗಿಲಲ್ಲಿ ಮಕ್ಕಳ ಚಪ್ಪಲಿ ದಾಟಿ, ಅಡುಗೆ ಕೋಣೆಯಲ್ಲಿ ನಿಂತೇ ಚಹಾ ಕುಡಿದು, ಟ್ಯೂಷನ್ ಮುಗಿಯುವವರೆಗೆ ಓಣಿಯ ತುದಿಗೆ ಹೋಗಿ ನಿಲ್ಲುತ್ತಿದ್ದರು. ಅದು ಅವರ ಒಪ್ಪಿಗೆಯೋ ಮುನಿಸೋ ನನಗೆ ತಿಳಿಯುತ್ತಿರಲಿಲ್ಲ.

ಶನಿವಾರಗಳಂದು ಅವ್ವ ಪಾಠ ಮಾಡುತ್ತಿರಲಿಲ್ಲ, ಆಟ ಆಡಿಸುತ್ತಿದ್ದಳು. ಬೇಕೆಂದೇ ತಪ್ಪು ವಾಕ್ಯ ಹೇಳುವಳು. ಮೊದಲು ತಪ್ಪು ಹಿಡಿದು ಕೂಗಿದವರಿಗೆ ಒಂದು ಚೂರು ಶೇಂಗಾ ಚಿಕ್ಕಿ. ನಾನು ಆರನೆಯ ತರಗತಿಯಲ್ಲಿದ್ದಾಗ, ಅಂಥ ಒಂದು ಶನಿವಾರ ಮಧ್ಯಾಹ್ನ, ಅವ್ವ ‘ದ ಬರ್ಡ್ಸ್ ಈಸ್ ಫ್ಲೈಯಿಂಗ್’ ಎಂದಳು. ಆರ್, ಆರ್ ಎಂದು ಎಲ್ಲರೂ ಕೂಗಿದೆವು. ಅವ್ವ ಚಿಕ್ಕಿಯ ಡಬ್ಬಿಯ ಕಡೆ ನೋಡಲಿಲ್ಲ. ‘ದ ಬರ್ಡ್ ಆರ್’ ಎಂದಳು. ಈಸ್ ಎಂದು ಕೂಗಿದೆವು. ‘ಬರ್ಡ್, ಬರ್ಡ್ ಗೋ’ ಎಂದಳು. ಇಷ್ಟು ಸುಲಭದ ತಪ್ಪು ಅವಳು ಯಾವತ್ತೂ ಕೊಟ್ಟಿರಲಿಲ್ಲ, ಆದ್ದರಿಂದ ನಾವು ಇನ್ನೂ ಜೋರಾಗಿ ನಕ್ಕೆವು. ಅವಳ ಕೈಯಿಂದ ಸೀಮೆಸುಣ್ಣ ಜಾರಿತು. ಎತ್ತಿಕೊಳ್ಳಲು ಬಗ್ಗಿದಳು, ಬಲಗೈ ಅದರ ಪಕ್ಕದಲ್ಲೇ ನೆಲ ತಡವಿತು, ಬೆರಳು ಮಡಚಲಿಲ್ಲ. ಹಾಗೇ ಗೋಡೆಗೆ ಒರಗಿ ಕೂತಳು. ನಗು ನಿಲ್ಲಿಸಿದವರಲ್ಲಿ ಶಬಾನಾ ಮೊದಲಿಗಳು.

“ಗಿರಿಜಾ,” ಎಂದು ನನ್ನ ತೋಳು ಹಿಡಿದಳು, “ಆಂಟಿ ಆಟ ಆಡ್ತಿಲ್ಲ ಕಣೆ.”

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಶಬಾನಾ ಓಡಿ ಹೋಗಿ ತನ್ನ ತಂದೆಯನ್ನು ಕರೆತಂದಳು. ಅವರು ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಬಂದು ಆಟೋ ನಿಲ್ಲಿಸಿದರು. ಆಯಿ ಮತ್ತು ಅವರು ಸೇರಿ ಅವ್ವನನ್ನು ಕೂರಿಸಿದರು. ಹಲಸೂರು ದಾಟಿ ಶಿವಾಜಿನಗರದ ಕಡೆಯ ದೊಡ್ಡ ಆಸ್ಪತ್ರೆಗೆ ಹೋಗುವವರೆಗೆ ನಾನು ಅವ್ವನ ಕಾಲ ಬಳಿ ಮುದುರಿ ಕೂತಿದ್ದೆ. ಅವಳ ಬಾಯಿ ಒಂದು ಕಡೆಗೆ ಎಳೆದಿತ್ತು. ಅಪ್ಪ ಎಣ್ಣೆಯ ಕಲೆಗಳ ಅಂಗಿಯಲ್ಲಿ ನೇರವಾಗಿ ಅಲ್ಲಿಗೇ ಬಂದರು. ಮಿದುಳಿಗೆ ಹೋಗುವ ರಕ್ತ ಒಂದು ಕಡೆ ಕಟ್ಟಿಕೊಂಡಿದೆ, ಜೀವಕ್ಕೆ ಭಯವಿಲ್ಲ, ಮಾತಿನ ವಿಷಯ ಈಗಲೇ ಹೇಳಲಾಗದು ಎಂದು ಡಾಕ್ಟರು ಹೇಳಿದರು. ನಾವು ನಗುತ್ತ ಕೂತು ಹೊತ್ತು ಕಳೆದೆವು ಎಂದು ನಾನು ಅತ್ತಾಗ, ಆ ನಾಲ್ಕು ನಿಮಿಷದಿಂದ ಏನೂ ಬದಲಾಗುತ್ತಿರಲಿಲ್ಲ ಎಂದು ಅವರೇ ನನ್ನ ತಲೆ ಸವರಿ ಹೇಳಿದರು. ನಾನು ಅದನ್ನು ನಂಬಿದೆ. ಈಗಲೂ ನಂಬುತ್ತೇನೆ.

ಅವ್ವ ಮನೆಗೆ ಬಂದಾಗ ಅವಳ ಬಳಿ ಇದ್ದದ್ದು ಒಂದೇ ಮಾತು. ಹೂಂ. ಹಸಿವಾಯಿತಾ ಅಂದರೂ ಹೂಂ, ಹಸಿವಿಲ್ಲವಾ ಅಂದರೂ ಹೂಂ. ಆದರೆ ಆಯಿ ಬೆಳಿಗ್ಗೆ ಪೂಜೆಯಲ್ಲಿ ಹಾಡಿಕೊಳ್ಳುವಾಗ ಒಂದು ದಿನ ಅವ್ವನೂ ಜೊತೆಗೂಡಿ ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ತಪ್ಪದೆ ಹಾಡಿಬಿಟ್ಟಳು. ನಾವೆಲ್ಲ ಎದ್ದು ನಿಂತೆವು. ಅಪ್ಪ ಅಡುಗೆ ಕೋಣೆಯಿಂದ ಓಡಿ ಬಂದು, ಈಗ ನನ್ನ ಹೆಸರು ಹೇಳು ಅಂದರು. ಅವ್ವ ಅವರನ್ನು ನೋಡಿದಳು, ಬಾಯಿ ತೆರೆದಳು, ಹೂಂ ಅಂದಳು. ರಾಗದಲ್ಲಿ ಬಂದದ್ದು ಮಾತಿನಲ್ಲಿ ಬರುವುದಿಲ್ಲ, ಅವು ತಲೆಯಲ್ಲಿ ಬೇರೆ ಬೇರೆ ಕಡೆ ಇರುತ್ತವೆ ಎಂದು ಆಸ್ಪತ್ರೆಯಲ್ಲಿ ಮಾತಿನ ಅಭ್ಯಾಸ ಮಾಡಿಸುತ್ತಿದ್ದ ಹುಡುಗಿ ವಿವರಿಸಿದಳು. ಅವಸರ ಮಾಡಬೇಡಿ, ಅವರ ಬಾಯಿಗೆ ನೀವೇ ಮಾತು ತುರುಕಬೇಡಿ, ಕಾಯಿರಿ ಎಂದಳು. ಕಾದೆವು.

ಮಳೆಗಾಲ ಕಳೆಯುವ ಹೊತ್ತಿಗೆ ಮಾತುಗಳು ಒಂದೊಂದೇ ಬಂದವು. ನೀರು. ರೊಟ್ಟಿ. ಗಿರಿಜಾ. ಹೆಸರುಗಳು ಬಂದವು, ಕ್ರಿಯಾಪದಗಳು ಬರಲಿಲ್ಲ. ಬಂದರೂ ಅವುಗಳ ಬಾಲ ತಪ್ಪುತ್ತಿತ್ತು. ಆಯಿ ಬಂದಾನ. ಗಿರಿಜಾ ಉಂಡಾರ. ಯಾವ ಮಾತಿಗೆ ಯಾವ ಕೊನೆ ಎನ್ನುವುದು ಅವಳ ಒಳಗೆ ಕಲಸಿ ಹೋಗಿತ್ತು. ಇಡೀ ಓಣಿಯ ಮಕ್ಕಳಿಗೆ ಅದನ್ನೇ ಕಲಿಸಿದವಳಿಗೆ ಅದೇ ಹೋಗಿತ್ತು. ಒಂದು ಸಂಜೆ ಅಪ್ಪ ಹೊಸ್ತಿಲು ದಾಟುತ್ತಿದ್ದಂತೆ ಅವ್ವ ಎಡಗೈ ಎತ್ತಿ ತೋರಿಸಿ, ಅಪ್ಪ ಬಂದಾಳ, ಎಂದಳು. ಪಕ್ಕದ ಮನೆಯವರು ಕೂತಿದ್ದರು. ಆಯಿಗೆ ಮುಖ ಕೆಂಪಾಯಿತು. ಕಟ್ಟಿಕೊಂಡ ಗಂಡನನ್ನು ಹೆಂಗಸು ಮಾಡಿದಳು, ಸುಮ್ಮನಾದರೂ ಇರಬಾರದೇ ಎಂದಳು. ಅಪ್ಪ ಊಟದ ಡಬ್ಬಿ ಕೆಳಗಿಟ್ಟು ಅವ್ವನ ಎದುರಿಗೆ ಕೂತರು.

“ಬಿಡವ್ವ,” ಅಂದರು ಆಯಿಗೆ. “ಬಂದೀನಿ ಅಂತ ಆಕೀಗಿ ಗೊತ್ತಾಯ್ತಲ್ಲ. ನನಗ ಅಷ್ಟ ಸಾಕು.”

ಅಪ್ಪ ಅವ್ವನ ಎದುರು ಹಾಗೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಟ್ಯೂಷನ್ ಇಲ್ಲದ ಸಂಜೆಗಳಲ್ಲಿ ಮುಂದಿನ ಕೋಣೆಯಲ್ಲಿ ಈಗ ಬೇಕಾದಷ್ಟು ಜಾಗವಿತ್ತು. ಮಕ್ಕಳು ಸ್ವಲ್ಪ ದಿನ ಬಂದು ಬಾಗಿಲಲ್ಲಿ ಇಣುಕಿ ಹೋದರು. ಆಮೇಲೆ ಬೇರೆ ಕಡೆ ಸೇರಿಕೊಂಡರು. ಅವರ ತಾಯಂದಿರು ಬಾಳೆಹಣ್ಣು ಹಿಡಿದುಕೊಂಡು ಬಂದು, ಅವ್ವನ ಹತ್ತಿರ ಕೂತು, ಅವಳಿಗೆ ಕಿವಿಯೂ ಕೇಳದೇನೋ ಎನ್ನುವಂತೆ ಜೋರಾಗಿ ಮಾತಾಡಿ ಎದ್ದು ಹೋದರು. ಶಬಾನಾ ಮಾತ್ರ ಸಂಜೆ ಬರುವುದನ್ನು ಬಿಡಲಿಲ್ಲ. ನನ್ನ ಪಕ್ಕ ಕೂತು ತನ್ನ ಹೋಂವರ್ಕ್ ತಾನು ಮಾಡಿಕೊಂಡು ಹೋಗುತ್ತಿದ್ದಳು. ನಾನೇ ಅವ್ವನಿಗೆ ಕಲಿಸಬಹುದು ಎಂದು ನನಗೆ ಅನ್ನಿಸಿ, ಹಳೆಯ ಒಂದನೆಯ ತರಗತಿಯ ಪುಸ್ತಕ ಹುಡುಕಿ ಅವಳ ಮುಂದೆ ಹಿಡಿದೆ. ಚಿತ್ರಕ್ಕೆ ಬೆರಳಿಟ್ಟು, ಇದೇನು ಮಾಡುತ್ತದೆ ಎಂದು ಕೇಳಿದೆ. ಅವ್ವ ಪುಸ್ತಕವನ್ನು ಎಡಗೈಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಮತ್ತೆ ಹಿಡಿದೆ. ಈ ಸಲ ದೂಡಿದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಸಿಟ್ಟೂ ಇತ್ತು. ಆ ಪುಸ್ತಕವನ್ನು ನಾನು ಮತ್ತೆ ತೆಗೆಯಲಿಲ್ಲ.

ದೀಪಾವಳಿಯಾದ ಮೇಲೆ ವಾಡಿಯಿಂದ ಬಸವರಾಜ ಮಾಮಾ ಬಂದ. ಅವ್ವನ ಅಣ್ಣ. ಬಂದ ಕಾರಣ ಎಲ್ಲರಿಗೂ ಗೊತ್ತಿತ್ತು. ಆಯಿಯ ಮೊಣಕಾಲು ಇನ್ನೂ ಕೆಟ್ಟಿತ್ತು. ಅಪ್ಪ ಶೆಡ್ಡಿಗೆ ಹೋಗುವ ಮೊದಲು ಅವ್ವನ ಸ್ನಾನ, ಬಂದ ಮೇಲೆ ಅವ್ವನ ಕೈಕಾಲಿಗೆ ಎಣ್ಣೆ ತಿಕ್ಕುವುದು, ಇದರ ನಡುವೆ ಅವರೂ ಮೈ ಒಣಗಿ ಅರ್ಧವಾಗಿದ್ದರು. ಅವ್ವನನ್ನು ತವರಿಗೆ ಕರೆದುಕೊಂಡು ಹೋಗಿ ನೋಡಿಕೊಳ್ಳುವುದು, ನನ್ನನ್ನು ಒಂದು ಹಾಸ್ಟೆಲಿಗೆ ಹಾಕುವುದು ಎಂದು ಮಾಮಾ ಮತ್ತು ಅಪ್ಪ ಊಟಕ್ಕೆ ಕೂತಲ್ಲಿ ಮಾತಾಡಿಕೊಂಡರು. ಮಾಮಾ ಒಳ್ಳೆಯವನು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪ ತಟ್ಟೆಯಲ್ಲಿ ಗೆರೆ ಎಳೆಯುತ್ತ, ಕೆಲವು ತಿಂಗಳು ಇದ್ದು ಬರಲಿ, ಎಂದರು. ಅವ್ವ ಗೋಡೆಗೆ ಒರಗಿ ಕೂತು ಪ್ರತಿಯೊಂದು ಮಾತನ್ನೂ ಕೇಳುತ್ತಿದ್ದಳು. ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು. ಎಲ್ಲರೂ ಅದನ್ನು ಮರೆತಿದ್ದರು. ಅವಳು ಎಡಗೈಯಿಂದ ನೆಲ ಬಡಿದಳು. ನಾವು ತಿರುಗಿ ನೋಡಿದೆವು.

“ಒಲ್ಲಳು,” ಅಂದಳು ಅವ್ವ.

ಮಾಮಾ ತುತ್ತನ್ನು ತಟ್ಟೆಯಲ್ಲೇ ಬಿಟ್ಟ. ಯಾರು ಒಲ್ಲಳು ಎಂದು ಕೇಳಿದ. ಅವ್ವ ಮತ್ತೆ ಒಲ್ಲಳು, ಒಲ್ಲಳು ಎಂದಳು. ಅವಳ ಕಣ್ಣು ಮಾಮಾನಿಂದ ಆಯಿಯ ಕಡೆಗೆ, ಆಯಿಯಿಂದ ನನ್ನ ಕಡೆಗೆ ಓಡಾಡುತ್ತಿತ್ತು. ಮಾಮಾ ಅದನ್ನು ತನಗೆ ತಿಳಿದಂತೆ ತಿಳಿದುಕೊಂಡ. ಅವನ ದನಿ ಗಡುಸಾಯಿತು. ತನ್ನ ತಂಗಿಯನ್ನು ಅತ್ತೆ ಬೇಡವೆನ್ನುತ್ತಿದ್ದಾಳೆ ಎಂಬುದನ್ನು ತಂಗಿಯ ಬಾಯಿಂದಲೇ ಕೇಳಬೇಕಾಯಿತಲ್ಲ, ಇಷ್ಟು ದಿನ ಯಾಕೆ ಯಾರೂ ಹೇಳಲಿಲ್ಲ ಎಂದು ಅಪ್ಪನನ್ನು ಕೇಳಿದ. ಅಪ್ಪ ಆಯಿಯ ಕಡೆ ತಿರುಗಿದರು. ಆಯಿ ಒಲೆಯ ಮುಂದಿನಿಂದ ಗೋಡೆ ಹಿಡಿದುಕೊಂಡು ಎದ್ದು ಬಂದಳು. ಜಗಳಕ್ಕೆ ಎಂದೂ ಸೋಲದ ಹೆಂಗಸು, ಅವತ್ತು ಮಾಮಾನ ಕಡೆ ನೋಡದೆ ಅವ್ವನ ಮುಂದೆ ಹೋಗಿ ನಿಂತಳು.

“ನಾ ಯಾವಾಗ ಒಲ್ಲೆ ಅಂದೀನಿ?” ಎಂದು ಅವ್ವನನ್ನೇ ಕೇಳಿದಳು. “ಬಯ್ದೀನಿ, ಖರೆ. ಒಲ್ಲೆ ಅಂದೀನೇನು?”

ಅವ್ವ ಆಯಿಯ ಬಾಯಿಯನ್ನೇ ನೋಡುತ್ತಿದ್ದಳು. ತಾನು ಹುಡುಕುತ್ತಿದ್ದದ್ದು ಅಲ್ಲಿ ಸಿಕ್ಕಿತೇನೋ ಎನ್ನುವಂತೆ. ಎಡಗೈಯನ್ನು ಎತ್ತಿ ತನ್ನ ಎದೆಯ ಮೇಲೆ ಇಟ್ಟುಕೊಂಡಳು.

“ಒಲ್ಲೆ,” ಅಂದಳು. “ನಾ ಒಲ್ಲೆ.”

ಅವಳು ಮಾಮಾನ ಮುಖ ನೋಡಿ ಇನ್ನೊಮ್ಮೆ ಹೇಳಿದಳು, ಅಪ್ಪನ ಮುಖ ನೋಡಿ ಇನ್ನೊಮ್ಮೆ ಹೇಳಿದಳು. ಒಲ್ಲದವಳು ಬೇರೆ ಯಾರೂ ಅಲ್ಲ, ಅವಳೇ. ಕಾಯಿಲೆ ಬಿದ್ದ ಮೇಲೆ ಅವಳ ಬಾಯಿಂದ ಸರಿಯಾದ ಬಾಲದೊಂದಿಗೆ ಹೊರಟ ಮೊದಲ ಕ್ರಿಯಾಪದ ಅದು. ಮಾಮಾ ತಂಗಿಯ ಎರಡೂ ಕೈ ಹಿಡಿದುಕೊಂಡು ಅತ್ತ. ಆಯಿ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಆಮೇಲೆ ಸಾವರಿಸಿಕೊಂಡು, ಅವ್ವನ ತಟ್ಟೆಯ ತಣ್ಣಗಾದ ರೊಟ್ಟಿಯನ್ನು ಹಾಲಿಗೆ ಮುರಿದು ಹಾಕಿ ತುತ್ತು ಮಾಡಿ ಕೊಟ್ಟಳು. ಮರುದಿನ ಮಾಮಾ ಒಬ್ಬನೇ ರೈಲು ಹತ್ತಿದ. ನಾನು ಹಾಸ್ಟೆಲಿಗೆ ಹೋಗಲಿಲ್ಲ.

ಅದೇ ಚಳಿಗಾಲದಲ್ಲಿ ಇನ್ನೊಂದು ಸಂಗತಿ ನಡೆಯಿತು. ಶಬಾನಾ ಪಕ್ಕದಲ್ಲಿ ಕೂತು ತನ್ನ ಪಾಠ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ತಾನೇ ಬರೆದ ವಾಕ್ಯ. ‘ದ ಕ್ವಾಲಿಟಿ ಆಫ್ ದ ಮ್ಯಾಂಗೋಸ್ ಆರ್ ಗುಡ್.’ ಟಣ್ ಎಂದು ಸದ್ದಾಯಿತು. ಅವ್ವ ಪಕ್ಕದ ಸ್ಟೀಲ್ ಲೋಟಕ್ಕೆ ಬೆರಳಿನಿಂದ ಹೊಡೆದಿದ್ದಳು. ನೀರು ಬೇಕೇನೋ ಎಂದು ನಾನು ಎದ್ದೆ. ಅವ್ವ ಬೇಡವೆಂದು ತಲೆಯಾಡಿಸಿ, ಶಬಾನಾಳ ಕಡೆ ಗದ್ದ ಚಾಚಿದಳು. ಶಬಾನಾ ಮತ್ತೆ ಓದಿದಳು. ‘ಆರ್’ ಬರುತ್ತಲೇ ಲೋಟ ಸದ್ದು ಮಾಡಿತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮ್ಯಾಂಗೋಸ್ ಹಲವು, ಆದ್ದರಿಂದ ಆರ್, ಇದರಲ್ಲೇನು ತಪ್ಪು. ಅವ್ವ ಕಾದಳು. ಕೊನೆಗೆ ಶಬಾನಾಳಿಗೇ ಹೊಳೆಯಿತು. ಒಳ್ಳೆಯದು ಎಂದದ್ದು ಮಾವಿನ ಹಣ್ಣುಗಳನ್ನಲ್ಲ, ಕ್ವಾಲಿಟಿಯನ್ನು. ಕ್ವಾಲಿಟಿ ಒಂದೇ. ‘ಈಸ್’ ಎಂದು ಓದಿದಳು. ಲೋಟ ಸದ್ದು ಮಾಡಲಿಲ್ಲ. ಅವಳ ಮುಖದ ಆಡುವ ಅರ್ಧ ನಗುತ್ತಿತ್ತು. ಸರಿಯಾದದ್ದನ್ನು ಆಡಲು ಅವಳಿಗೆ ಆಗುತ್ತಿರಲಿಲ್ಲ. ತಪ್ಪನ್ನು ಕೇಳಿಸಿಕೊಳ್ಳುವುದು ಮಾತ್ರ ಎಲ್ಲೂ ಹೋಗಿರಲಿಲ್ಲ.

ಹೀಗೆ ಟ್ಯೂಷನ್ ಮತ್ತೆ ಶುರುವಾಯಿತು. ಶಬಾನಾ ಹೇಳಿ ಇನ್ನೂ ಇಬ್ಬರು ಮೂವರು ಹುಡುಗಿಯರು ಬಂದರು. ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದುವುದು, ಲೋಟ ಸದ್ದಾದ ಕಡೆ ನಿಲ್ಲುವುದು, ತಪ್ಪು ಯಾಕೆ ಎಂದು ನಾವು ನಾವೇ ಜಗಳವಾಡಿ ಕಂಡುಕೊಳ್ಳುವುದು. ಅವ್ವ ನಿಂತು ಪಾಠ ಹೇಳುತ್ತಿದ್ದಾಗ ಕಲಿತದ್ದಕ್ಕಿಂತ ಆ ವರ್ಷಗಳಲ್ಲಿ ನಾನು ಕಲಿತದ್ದು ಹೆಚ್ಚು. ಉತ್ತರ ಹೇಳಿಕೊಡುವವರು ಇರಲಿಲ್ಲ, ಉತ್ತರ ಗೊತ್ತಿರುವವಳು ಎದುರಿಗೇ ಇದ್ದಳು. ಒಂದು ವಾಕ್ಯವನ್ನು ಯಾರಾದರೂ ಓದುವಾಗ ಉಸಿರು ಹಿಡಿದು ಕೇಳುವ ನನ್ನ ಅಭ್ಯಾಸ ಅಲ್ಲಿಂದ ಬಂದದ್ದು. ಆ ಹೊತ್ತಿಗೆ ನಮ್ಮ ದಿನಗಳಿಗೆ ಒಂದು ಕ್ರಮವೂ ಬಂದಿತ್ತು. ಅಪ್ಪ ಚಹಾವನ್ನು ಒಳಗೆ ನಿಂತು ಕುಡಿಯುವುದು ಬಿಟ್ಟು, ಲೋಟ ಹಿಡಿದುಕೊಂಡು ನಮ್ಮ ಹಿಂದೆ ಬಾಗಿಲ ಬಳಿ ಕೂರುತ್ತಿದ್ದರು. ಕಾರಣ ತಿಳಿಯದಿದ್ದರೂ ಲೋಟ ಸದ್ದಾದಾಗ ಅವರೂ ತಲೆ ಎತ್ತುತ್ತಿದ್ದರು.

ಒಂಬತ್ತನೆಯ ತರಗತಿಯಲ್ಲಿ ತಾಯಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದುಕೊಂಡು ಬನ್ನಿ ಎಂದರು. ಬರೆದದ್ದನ್ನು ಅವ್ವನ ಮುಂದೆ ಓದಲು ಮುಜುಗರ, ಆದರೆ ಓದದೆ ಶಾಲೆಗೆ ಒಯ್ಯುವ ರೂಢಿ ಇರಲಿಲ್ಲ. ‘ಮೈ ಮದರ್ ವಾಸ್ ಎ ಟೀಚರ್’ ಎಂದು ಶುರು ಮಾಡಿದೆ. ಲೋಟ ಸದ್ದಾಯಿತು. ನಾನು ಹಾಳೆಯನ್ನು ನೋಡಿದೆ. ಮದರ್ ಒಬ್ಬಳು, ವಾಸ್ ಏಕವಚನ. ಹೊಂದಿಕೆ ಸರಿ ಇತ್ತು. ಮತ್ತೆ ಓದಿದೆ, ಮತ್ತೆ ಸದ್ದಾಯಿತು.

“ಸಿಂಗ್ಯುಲರ್‌ಗೆ ವಾಸೇ ಅಲ್ವಾ ಆಂಟಿ?” ಎಂದಳು ಶಬಾನಾ.

ಅವ್ವ ಉತ್ತರವಾಗಿ ಬೆರಳನ್ನು ಲೋಟದ ಅಂಚಿನ ಮೇಲೆ ಎತ್ತಿ ಹಿಡಿದು ಕಾಯುತ್ತಿದ್ದಳು. ಸಿಟ್ಟೇನೂ ಇರಲಿಲ್ಲ. ಯಾವ ಮಗು ಎಷ್ಟು ಹೊತ್ತು ತೆಗೆದುಕೊಂಡರೂ ಅವಳು ಹಾಗೆಯೇ ಕಾಯುತ್ತಿದ್ದಳು. ನನಗೆ ಅರ್ಥವಾದಾಗ ಕಿವಿ ಬಿಸಿಯಾಯಿತು. ರಬ್ಬರಿನಿಂದ ಒಂದು ಶಬ್ದ ಉಜ್ಜಿ, ಆ ಜಾಗದಲ್ಲಿ ಸಣ್ಣ ಶಬ್ದ ಬರೆದೆ. ‘ಮೈ ಮದರ್ ಈಸ್ ಎ ಟೀಚರ್.’ ಬೆರಳು ಇಳಿದು ಮಡಿಲಿಗೆ ಹೋಯಿತು. ನಾನು ಹಾಳೆಯಿಂದ ಮುಖ ಮರೆಮಾಡಿಕೊಂಡೆ. ಶಬಾನಾ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಉಳಿದದ್ದನ್ನು ಓದಿ ಮುಗಿಸಿದಳು.

ನಾನು ಹತ್ತನೆಯ ತರಗತಿಗೆ ಬಂದ ವರ್ಷ ಅವ್ವನಿಗೆ ಎರಡನೆಯ ಸಲ ಹಾಗಾಯಿತು. ಈ ಸಲ ಆಸ್ಪತ್ರೆಯಿಂದ ಅವಳು ಮಾತಾಡುವ, ಕೇಳುವ ಅವ್ವನಾಗಿ ಮರಳಲಿಲ್ಲ. ಮನೆಗೆ ಕರೆತಂದ ಮೇಲೆ ಒಂದು ವಾರವೂ ಉಳಿಯಲಿಲ್ಲ. ಬೆಳಿಗ್ಗೆ ಆಯಿ ಅವಳ ಕೂದಲು ಬಾಚುತ್ತಿದ್ದಾಗ ಹೋದಳಂತೆ. ಬಾಚಣಿಗೆ ಹಿಡಿದುಕೊಂಡೇ ಆಯಿ ಹೊರಗೆ ಬಂದು ಅಪ್ಪನನ್ನು ನೋಡಿದಳು. ಮಾಮಾ ಬರುವವರೆಗೆ ಕಾದು, ನಮ್ಮವರ ಪದ್ಧತಿಯಂತೆ ಅವ್ವನನ್ನು ಕೂರಿಸಿ, ಹೂ ಮುಡಿಸಿ ಮಣ್ಣು ಮಾಡಿದರು. ಅಪ್ಪ ಯಾರ ಎದುರೂ ಅಳಲಿಲ್ಲ. ಬಂದವರೆಲ್ಲ ಹೋದ ಮೇಲೆ, ಬಚ್ಚಲಿನಲ್ಲಿ ನೀರು ಬಿಟ್ಟುಕೊಂಡು ಬಹಳ ಹೊತ್ತು ಒಳಗೇ ಇದ್ದರು. ಆಯಿ ಬಾಗಿಲ ಹೊರಗೆ ಟವೆಲ್ ಹಿಡಿದುಕೊಂಡು ನಿಂತಿದ್ದಳು.

ಕಾರ್ಯಗಳೆಲ್ಲ ಮುಗಿದ ಮೇಲಿನ ಒಂದು ಸಂಜೆ ಶಬಾನಾ ಎಂದಿನಂತೆ ಬಂದಳು. ಅವಳಿಗೂ ನನಗೂ ಪರೀಕ್ಷೆ ಹತ್ತಿರವಿತ್ತು. ನನ್ನ ಪಕ್ಕ ಕೂತು ಪುಸ್ತಕ ತೆರೆದಳು, ಓದಲು ಬಾಯಿ ತೆರೆದಳು, ಎದುರಿನ ಖಾಲಿ ಗೋಡೆ ನೋಡಿ ಸುಮ್ಮನಾದಳು. ನಾನೂ ಓದಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಆಯಿ ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ ಬಂದಳು. ಅವಳಿಗೆ ಇಂಗ್ಲಿಷ್ ಬಿಡಿ, ಕನ್ನಡದ ಅಕ್ಷರವೂ ಬಾರದು. ಅವ್ವ ಕೂರುತ್ತಿದ್ದ ಜಾಗದಲ್ಲಿ, ಹಿಟ್ಟಿನ ಕೈಯನ್ನು ನೆಲಕ್ಕೆ ಊರಿ, ನೋವಿಗೆ ಮುಖ ಕಿವುಚುತ್ತ ಮೆಲ್ಲಗೆ ಕೂತಳು. ಗೋಡೆಗೆ ಒರಗಿದಳು.

“ಓದ್ರಿ,” ಅಂದಳು. “ನನಗೇನೂ ತಿಳಿಯಾಂಗಿಲ್ಲ. ಓದ್ರಿ, ನಾ ಕೂತೀನಿ.”

ಶಬಾನಾ ಓದತೊಡಗಿದಳು.